ಗಾರ್ತ್‌ನ ಡಬ್ಬಿಯ ಹದಿನಾಲ್ಕು ತೋಟಾ

ಆ ವರ್ಷ ಅಂಗಡಿಯಲ್ಲಿ ಇಪ್ಪತ್ತು ತೋಟಾಗಳ ಒಂದು ಡಬ್ಬಿಗೆ ಅರವತ್ತೆರಡು ಡಾಲರ್, ಅದೂ ಸಿಕ್ಕರೆ. ಒಂದೊಂದಕ್ಕೆ ಮೂರರ ಮೇಲೆ ಬಿತ್ತು. ಮನೆಯಲ್ಲೇ ತುಂಬಿಕೊಂಡರೆ ಗುಂಡಿಗೆ ನಲವತ್ತೆಂಟು ಸೆಂಟ್, ಮದ್ದಿಗೆ ಮೂವತ್ತು, ಮದ್ದಿಗೆ ಕಿಡಿ ಹಚ್ಚುವ ಕೇಪಿಗೆ ಹನ್ನೆರಡು. ಹಿಂದೆಲ್ಲ ಸಾವಿರ ಕೇಪಿಗೆ ಮೂವತ್ತೈದು ಡಾಲರ್ ಇದ್ದದ್ದು ನೂರಿಪ್ಪತ್ತಕ್ಕೆ ಏರಿತ್ತು, ಆದರೂ ಎಲ್ಲ ಸೇರಿ ತೊಂಬತ್ತು ಸೆಂಟ್ ದಾಟುತ್ತಿರಲಿಲ್ಲ. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಕ್ಕೆ ದುಡ್ಡಿಲ್ಲ. ಅದಕ್ಕೆ ಬೇಕಾದ್ದು ನಿಗಾ. ನಿಗಾ ಇದ್ದರೆ ಅದೇ ಹಿತ್ತಾಳೆ ಹತ್ತು ಹನ್ನೆರಡು ಸಲ ಬರುತ್ತದೆ.

ಮಾಂಟಾನಾದ ನಮ್ಮ ಟ್ರಸ್ಲರ್ ಕಣಿವೆಯಲ್ಲಿ ನಿಗಾಕ್ಕೆ ಹೆಸರಾದವನು ನಾನು. ಮೂವತ್ತೊಂದು ವರ್ಷ ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಹದ ಮಾಡಿದ ಕೈ. ಮಿಲ್ಲು ಮುಚ್ಚಿದ ಮೇಲೆ ಆ ಕೈಗೆ ಬೇರೆ ಕೆಲಸವಿರಲಿಲ್ಲ. ಶೆಡ್ಡಿನಲ್ಲಿ ಪ್ರೆಸ್ಸು ಹಾಕಿಕೊಂಡು ನನಗೆ, ನನ್ನ ತಂಗಿ ಆರ್ಡಿಸಳ ಗಂಡ ಗಾರ್ತ್‌ಗೆ, ಆಮೇಲೆ ಕಣಿವೆಯ ಅರ್ಧ ಜನಕ್ಕೆ ತೋಟಾ ತುಂಬಿಕೊಟ್ಟೆ. ಕೂಲಿ ತೆಗೆದುಕೊಳ್ಳಲಿಲ್ಲ. ಯಾರಾದರೂ ಮಾಂಸ ತಂದುಕೊಟ್ಟರೆ ಬೇಡ ಎನ್ನಲಿಲ್ಲ.

ತೋಟಾ ಸಿಡಿದಾಗ ಹಿತ್ತಾಳೆ ಉಬ್ಬಿ, ಬಂದೂಕಿನೊಳಗೆ ಅದು ಕೂತಿದ್ದ ಗೂಡಿನ ಆಕಾರವನ್ನೇ ತಳೆಯುತ್ತದೆ. ಅದನ್ನು ಮತ್ತೆ ತುಂಬುವ ಮೊದಲು ಅಚ್ಚಿನೊಳಗೆ ಒತ್ತಿ, ಬಾಯಿಯ ಕಡೆ ಕಿರಿದಾಗುವ ಅದರ ಹೆಗಲನ್ನು ಚೂರು ಹಿಂದಕ್ಕೆ ತಳ್ಳಬೇಕು. ಕಡಿಮೆ ತಳ್ಳಿದರೆ ತೋಟಾವನ್ನು ಗೂಡಿಗೆ ದೂಡುವ ಬಂದೂಕಿನ ಬೋಲ್ಟು ಮುಚ್ಚುವುದಿಲ್ಲ. ಜಾಸ್ತಿ ತಳ್ಳಿದರೆ ಹಿತ್ತಾಳೆ ಪ್ರತಿ ಸಲ ಹಿಗ್ಗಿ ಹಿಗ್ಗಿ, ನಾಲ್ಕೈದು ಸಲಕ್ಕೆ ಬುಡದ ಹತ್ತಿರ ಬಿರಿಯುತ್ತದೆ. ಇಂಚಿನ ಸಾವಿರದಲ್ಲಿ ಎರಡು ಪಾಲು ತಳ್ಳಿದರೆ ಸರಿ. ನಾನು ಒಂದೊಂದಕ್ಕೂ ಅಷ್ಟೇ ಜಿಡ್ಡು ಸವರುತ್ತಿದ್ದೆ, ಹಿಡಿಕೆಯನ್ನು ಕೆಳಗಿಳಿಸಿ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಿದ್ದೆ, ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಒತ್ತುತ್ತಿದ್ದೆ, ಆಮೇಲೆ ಅಳೆಯುತ್ತಿದ್ದೆ. ನೂರು ಮಾಡಿದರೆ ನೂರೂ ಒಂದೇ ಅಳತೆ ಬರುತ್ತಿತ್ತು.

ಒಂದೇ ಹೆಸರಿನ ತೋಟಾ ಹಾಕುವ ಎರಡು ಬಂದೂಕುಗಳ ಗೂಡು ಮಾತ್ರ ಒಂದೇ ಇರುವುದಿಲ್ಲ. ನನ್ನದು ಅಪ್ಪನ ಕಾಲದ ಬಂದೂಕು, ಗೂಡು ಸಡಿಲ. ಗಾರ್ತ್‌ನದು ಬಿಗಿ. ಎರಡಕ್ಕೂ ಇಂಚಿನ ಸಾವಿರದಲ್ಲಿ ಏಳು ಪಾಲಿನ ವ್ಯತ್ಯಾಸ. ಅದಕ್ಕೆಂದೇ ಅಷ್ಟು ದಪ್ಪದ ಒಂದು ತೆಳು ಉಂಗುರ ಇಟ್ಟುಕೊಂಡಿದ್ದೆ. ನನ್ನ ಹಿತ್ತಾಳೆ ಒತ್ತುವಾಗ ಅದನ್ನು ಅಚ್ಚಿನ ಕೆಳಗೆ ಹಾಕುವುದು, ಗಾರ್ತ್‌ನದಕ್ಕೆ ತೆಗೆದಿಡುವುದು. ಉಂಗುರ ಇದ್ದರೆ ಹೆಗಲು ಅಷ್ಟು ಕಡಿಮೆ ಒತ್ತುತ್ತದೆ. ಹಿತ್ತಾಳೆ ಬೆರಕೆಯಾಗದಿರಲಿ ಎಂದು ಬುಡಕ್ಕೆ ಶಾಯಿಯ ಗೆರೆ ಎಳೆಯುತ್ತಿದ್ದೆ. ನನ್ನದಕ್ಕೆ ಕೆಂಪು, ಅವನದಕ್ಕೆ ನೀಲಿ.

ಗಾರ್ತ್ ಇಪ್ಪತ್ತಾರು ವರ್ಷದಿಂದ ಹೊರಗಿನವರನ್ನು ಎಲ್ಕ್ ಎಂಬ ದೊಡ್ಡ ಜಿಂಕೆಯ ಶಿಕಾರಿಗೆ ಬೆಟ್ಟಕ್ಕೆ ಕರೆದೊಯ್ಯುತ್ತಿದ್ದ. ಒಂಬತ್ತು ಹೇಸರಗತ್ತೆ, ನಾಲ್ಕು ಡೇರೆ. ಸೆಪ್ಟೆಂಬರಿನಲ್ಲೇ ಅವನ ಇಪ್ಪತ್ತಾರು ತೋಟಾ ತುಂಬಿ, ಅವನ ಬಂದೂಕಿನಲ್ಲೇ ಒಂದೊಂದನ್ನೂ ಹಾಕಿ ತೆಗೆದು ನೋಡಿ ಕೊಟ್ಟಿದ್ದೆ. ಅಕ್ಟೋಬರಿನಲ್ಲಿ ಮತ್ತೆ ಬಂದ.

"ಡಬ್ಬಿ ತುಂಬಿಸಿಕೊಡೋ ಲೋವೆಲ್. ಇನ್ನೂ ಹದಿನಾಲ್ಕು ಬೇಕು."

"ನಿನ್ನ ಹಿತ್ತಾಳೆ ಎಲ್ಲಿ?"

"ಎಲ್ಲಿ ಅಂದ್ರೆ? ಕಾಡಲ್ಲಿ ಬಿದ್ದಿರುತ್ತೆ. ಅಳಿಲು ಹೊತ್ಕೊಂಡ್ ಹೋಗಿರುತ್ತೆ."

"ನೀಲಿ ಗೆರೆ ಎಳೆದೂ ಎಳೆದೂ ನನ್ನ ಕೈ ಬಿದ್ದೋಯ್ತು, ನೀನು ಅಳಿಲಿಗೆ ದಾನ ಮಾಡ್ಕೊಂಡು ಕೂತಿದೀಯ."

"ಅಂಗಡೀಲಿ ಒಂದೂ ಇಲ್ಲ ಮಾರಾಯ. ಇದ್ರೆ ನಿನ್ನ ಬೈಗುಳ ತಿನ್ನಕ್ಕೆ ಬರ್ತಿದ್ನಾ?"

ಕೊಟ್ಟೆ. ನನ್ನದೇ ಹಿತ್ತಾಳೆಯಲ್ಲಿ ಹದಿನಾಲ್ಕನ್ನು, ಒಳ್ಳೆಯವನ್ನೇ ಆರಿಸಿ ಕೊಟ್ಟೆ. ಬೆಳಿಗ್ಗೆ ನನ್ನ ಅರವತ್ತನ್ನು ಒತ್ತಿ ಮುಗಿಸಿದ್ದೆ, ಊಟವಾದ ಮೇಲೆ ಅವನ ಹದಿನಾಲ್ಕಕ್ಕೆ ಕೂತೆ. ಅಳೆದೆ. ಹದಿನಾಲ್ಕೂ ಒಂದೇ ಅಳತೆ. ಅವನ ಬಂದೂಕು ಆಗಲೇ ಕತ್ತೆಯ ಮೇಲೆ ಬೆಟ್ಟ ಹತ್ತಿತ್ತು, ಹಾಗಾಗಿ ಹಾಕಿ ನೋಡುವುದು ಆಗಲಿಲ್ಲ. "ಮೇಲೆ ಹೋದ್ಮೇಲೆ ಎಲ್ಲಾನೂ ಒಂದೊಂದ್ಸಲ ಬಂದೂಕಿಗೆ ಹಾಕಿ ತೆಗೆದು ನೋಡು" ಎಂದು ಹೇಳಿ ಡಬ್ಬಿ ಕೊಟ್ಟೆ. ಅವನು ಹೂಂ ಎಂದ. ಮೇಲೆ ಹೋಗಿ ಡಬ್ಬಿಯ ಮೊದಲ ಸಾಲಿನಿಂದ ಮೂರನ್ನು ಹೊಡೆದು ನೋಡಿದ. ಮೂರೂ ನೀಲಿ. ಬೆಣ್ಣೆಯ ಹಾಗೆ ಹೋದವು. ಹಿಂದಿನ ಸಾಲಿನ ಕೆಂಪು ಗೆರೆಯನ್ನೂ ಕಂಡಿದ್ದನಂತೆ. ಲೋವೆಲ್‌ನ ಸ್ವಂತ ಹಿತ್ತಾಳೆ, ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡನಂತೆ.

ಅಕ್ಟೋಬರ್ ಹತ್ತೊಂಬತ್ತು, ಮಂಗಳವಾರ. ಗಾರ್ತ್‌ನ ಜೊತೆಗಿದ್ದವನು ನೆಬ್ರಾಸ್ಕದ ಎಲ್ಡನ್ ಪ್ರೂಯಿಟ್, ದನದ ಮೇವು ಮಾರುವ ಅಂಗಡಿಯವನು. ಬೆಳಿಗ್ಗೆ ಎಂಟಕ್ಕೇ ಒಂದು ಗಂಡು ಎಲ್ಕ್ ಹೊಡೆದಿದ್ದ. ಇಬ್ಬರೂ ಅದರ ಹೊಟ್ಟೆ ಬಗೆಯುತ್ತಿದ್ದಾಗ ವಾಸನೆ ಹಿಡಿದು ಗ್ರಿಜ್ಲಿ ಕರಡಿ ಬಂತು. ಎಲ್ಡನ್‌ನ ಬಂದೂಕೂ ಕರಡಿಗೆ ಎರಚುವ ಖಾರದ ಡಬ್ಬಿಯೂ ಹತ್ತು ಹೆಜ್ಜೆ ದೂರದಲ್ಲಿ ಮರಕ್ಕೆ ಒರಗಿಸಿದ ಚೀಲದ ಹತ್ತಿರ ಇದ್ದವು. ಗಾರ್ತ್‌ನ ಬಂದೂಕು ಕೈಗೆ ಸಿಗುವಂತಿತ್ತು. ಅದರಲ್ಲಿ ನಾಲ್ಕು ತೋಟಾ. ಮೇಲಿನದೊಂದು ನೀಲಿ, ಕೆಳಗಿನ ಮೂರು ಕೆಂಪು.

ಮೊದಲನೆಯದನ್ನು ಹೊಡೆದ. ಕರಡಿಗೆ ತಾಗಿತು, ನಿಲ್ಲಲಿಲ್ಲ. ಎರಡನೆಯದಕ್ಕೆ ಬೋಲ್ಟು ಎಳೆದು ದೂಡಿದ. ಬೋಲ್ಟಿನ ಹಿಡಿಕೆ ಅರ್ಧಕ್ಕೆ ಬಂದು ನಿಂತಿತು. ಎಷ್ಟು ಒತ್ತಿದರೂ ಇಳಿಯಲಿಲ್ಲ, ಎಳೆದರೆ ಹಿಂದಕ್ಕೂ ಬರಲಿಲ್ಲ. ಅಷ್ಟರಲ್ಲಿ ಕರಡಿ ಎಲ್ಡನ್‌ನ ಮೇಲೆ ಬಿದ್ದಿತ್ತು. ಕೊನೆಗೆ ಬಂದೂಕಿನ ಹಿಂಬದಿಯಿಂದಲೇ ಅದನ್ನು ಬಡಿದ. ಎಲ್ಡನ್‌ನನ್ನು ಬಿಟ್ಟು ಅದು ಹೋಗುವಷ್ಟರಲ್ಲಿ ಎಲ್ಡನ್‌ನ ಕತ್ತಿನಲ್ಲಿ ಏನೂ ಉಳಿದಿರಲಿಲ್ಲ. ಕರಡಿ ಮತ್ತೆ ಬಂದರೆ ಎಂಬ ಭಯದಲ್ಲಿ ಗಾರ್ತ್ ಬೂಟಿನಿಂದ ಒದ್ದು ಬೋಲ್ಟು ಬಿಡಿಸಿದ. ಸಿಕ್ಕಿಬಿದ್ದ ತೋಟಾ ಹಿಮದಲ್ಲಿ ಎಲ್ಲೋ ಬಿತ್ತು. ಅದನ್ನು ಯಾರೂ ಹುಡುಕಲಿಲ್ಲ.

ವಿಚಾರಣೆಗೆ ಬಂದ ವನ್ಯಜೀವಿ ಇಲಾಖೆಯ ವಾರ್ಡನ್ ಒಬ್ಬ ಹೆಂಗಸು, ಒಳ್ಳೆಯವಳು. ಬಂದೂಕು ತೆಗೆದುಕೊಂಡು ಹೋಗಿ ಅಂಗಡಿಯ ತೋಟಾ ಹಾಕಿ ಹೊಡೆದು ನೋಡಿದಳು. ಮೂರಕ್ಕೆ ಮೂರೂ ಹಾರಿದವು. ಬಂದೂಕಿನಲ್ಲಿ ದೋಷವಿಲ್ಲ ಎಂದು ಬರೆದಳು. ಬಂದೂಕಿನಲ್ಲಿ ದೋಷವಿಲ್ಲದಿದ್ದರೆ ಹಿಡಿದವನಲ್ಲಿ ಇರಬೇಕಲ್ಲ. ಅದನ್ನು ಅವಳು ಬರೆಯಲಿಲ್ಲ, ಓದಿದವರೆಲ್ಲ ತಾವೇ ಓದಿಕೊಂಡರು. ಗಾರ್ತ್ ಕೂಡ.

ಶನಿವಾರ ಅವನು ನನ್ನ ಶೆಡ್ಡಿಗೆ ಬಂದ. ಮುಖ ಕ್ಷೌರ ಮಾಡಿಕೊಂಡಿರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಇಟ್ಕೋ. ಇನ್ನು ನಂಗೆ ಬೇಡ."

"ಕೂತ್ಕೋ. ಕಾಫಿ ಇದೆ."

"ಬೋಲ್ಟನ್ನ ಪೂರ್ತಿ ಹಿಂದಕ್ಕೆ ಎಳೀಲಿಲ್ಲ ಅನ್ಸುತ್ತೆ ಲೋವೆಲ್. ಗಾಬರೀಲಿ ಅರ್ಧಕ್ಕೇ ದೂಡ್ಬಿಟ್ಟೆ. ಇಪ್ಪತ್ತಾರು ವರ್ಷ. ಎಷ್ಟು ಜನಕ್ಕೆ ನಾನೇ ಹೇಳ್ಕೊಟ್ಟಿದೀನಿ, ಪೂರ್ತಿ ಎಳೀರಿ, ಆಮೇಲೆ ದೂಡ್ರಿ ಅಂತ."

"ಕರಡಿ ಮೈಮೇಲೆ ಬಂದಾಗ ಯಾರ ಕೈ ನೆಟ್ಟಗಿರುತ್ತೆ?"

"ಎಲ್ಡನ್ ಹೆಂಡ್ತಿ ಫೋನ್ ಮಾಡಿದ್ಲು. ಬೈಲಿಲ್ಲ. ಒಂದೇ ಕೇಳಿದ್ಲು, ಒಂದೇ ಗುಂಡು ಯಾಕೆ ಹೊಡೆದ್ರಿ ಅಂತ. ಏನ್ ಹೇಳ್ಲಿ?"

ಕಾಫಿ ಮುಟ್ಟದೆ ಹೋದ.

ಮರುದಿನ ಭಾನುವಾರ ನನ್ನ ಕೆಲಸಕ್ಕೆಂದು ಪ್ರೆಸ್ಸಿನ ಮುಂದೆ ಕೂತೆ. ಯಾರದೋ ಬೇರೆ ಬಂದೂಕಿನ ಹಿತ್ತಾಳೆ ಇತ್ತು, ಅದಕ್ಕೆ ಅಚ್ಚು ಬದಲಿಸಬೇಕಿತ್ತು. ಅಚ್ಚನ್ನು ತಿರುಗಿಸಿ ಮೇಲೆತ್ತಿದೆ. ಅದರ ಕೆಳಗೆ ಉಂಗುರ ಇತ್ತು.

ಗಾರ್ತ್‌ನ ಹದಿನಾಲ್ಕಾದ ಮೇಲೆ ಆ ಪ್ರೆಸ್ಸನ್ನು ಯಾರೂ ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ.

ಆದರೂ ಡಬ್ಬಿ ತೆಗೆದು ಅಳೆದೆ. ಕೆಂಪು ಗೆರೆಯವು ಹದಿಮೂರು ಉಳಿದಿದ್ದವು. ಹದಿಮೂರೂ ನನ್ನ ಬಂದೂಕಿಗೆ ಹೇಳಿ ಮಾಡಿಸಿದ ಹಾಗಿದ್ದವು. ಅವನದಕ್ಕೆ ಒಂದೂ ಕೂರುವ ಹಾಗಿರಲಿಲ್ಲ. ಅಳೆದದ್ದೇನೋ ನಿಜ, ಆದರೆ ಮಾಪಕವನ್ನು ಬೆಳಿಗ್ಗೆ ನನ್ನ ಹಿತ್ತಾಳೆಗೇ ಹೊಂದಿಸಿಟ್ಟಿದ್ದೆ. ತಪ್ಪು ಅಳತೆಯನ್ನೇ ಹದಿನಾಲ್ಕು ಸಲ ಸರಿಯಾಗಿ ಅಳೆದಿದ್ದೆ.

ಹೊಸಬ ಈ ತಪ್ಪು ಮಾಡುವುದಿಲ್ಲ. ಹೊಸಬನಿಗೆ ಒಂದೇ ಬಂದೂಕು ಇರುತ್ತದೆ. ಅವನು ಅಚ್ಚನ್ನು ತಳಕ್ಕೆ ಮುಟ್ಟುವ ತನಕ ತಿರುಗಿಸಿ ಒತ್ತಿಬಿಡುತ್ತಾನೆ. ಹಿತ್ತಾಳೆ ಬೇಗ ಹಾಳಾಗುತ್ತದೆ, ಆದರೆ ಯಾರ ಬಂದೂಕಿಗಾದರೂ ಹೋಗುತ್ತದೆ. ಹಿತ್ತಾಳೆ ಉಳಿಸಬೇಕು, ಎಳೆ ಎಳೆ ಅಳತೆ ಸರಿ ಬರಬೇಕು ಎಂದು ಉಂಗುರ ಇಟ್ಟುಕೊಂಡವನು ಮಾತ್ರ ಉಂಗುರ ತೆಗೆಯಲು ಮರೆಯಬಲ್ಲ.

ಆವತ್ತೇ ಎದ್ದು ಹೋಗಿ ಹೇಳಬೇಕಿತ್ತು. ತಂಗಿಯ ಮನೆ ನನ್ನ ಮನೆಯಿಂದ ನಾಲ್ಕು ಮೈಲಿ. ಹೋಗಲಿಲ್ಲ. ಸೋಮವಾರ ಹೋಗುತ್ತೇನೆ ಎಂದುಕೊಂಡೆ. ಸೋಮವಾರ ಹಿಮ ಬಿತ್ತು. ಹಿಮದಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಎಲ್ಡನ್‌ನ ಮನೆಯವರು ದಾವೆ ಹೂಡಿದರೆ ಮನೆ ಹೋಗುತ್ತದೆ ಎಂದು ಯೋಚಿಸಿದೆ. ಕಣಿವೆಯಲ್ಲಿ ನನ್ನ ತೋಟಾ ತುಂಬಿದ ಬಂದೂಕು ಹಿಡಿದು ಇನ್ನೂ ಎಷ್ಟು ಜನ ಬೆಟ್ಟದಲ್ಲಿದ್ದಾರೆ ಎಂದು ಯೋಚಿಸಿದೆ. ಅವರವನ್ನೆಲ್ಲ ಅವರವರ ಬಂದೂಕಿಗೆ ಹಾಕಿ ನೋಡಿಯೇ ಕೊಟ್ಟಿದ್ದೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಮಾಡಿಕೊಳ್ಳುವವನಿಗೆ ಕಾರಣಗಳಿಗೆ ಬರವಿಲ್ಲ.

ಆ ವಾರ ಊರಿನ ಕೆಫೆಯಲ್ಲಿ ಮರ್ಲ್ ಸಿಕ್ಕ. ಹುಲ್ಲಿನ ಟ್ರಕ್ ಓಡಿಸುವವನು. ನಾಲಿಗೆಗೆ ಬ್ರೇಕ್ ಇಲ್ಲ. ಅವನ ಮೇಜಿನ ಸುತ್ತ ನಾಲ್ಕು ಜನ.

"ಕೈ ಮರಗಟ್ಟಿತ್ತಂತೆ ಗಾರ್ತ್‌ಗೆ," ಎಂದ ಮರ್ಲ್. "ನಾನ್ ಹೇಳ್ತೀನಿ, ಮರಗಟ್ಟಿದ್ದು ಕೈಯಲ್ಲ."

ಎಲ್ಲರೂ ನಕ್ಕರು.

"ಮುಂದಿನ ವರ್ಷದಿಂದ ಅವನ ಜೊತೆ ಹೋಗೋರು ಕರಡಿಗೆ ಕಾಗದ ಬರ್ದು ಹೋಗ್ಬೇಕು, ಸ್ವಲ್ಪ ನಿಧಾನಕ್ಕೆ ಬಾರಪ್ಪ ಅಂತ. ಏನ್ ಲೋವೆಲ್, ನಿನ್ನ ತಂಗಿ ಗಂಡ ಏನಂತಾನೆ?"

"ಏನೂ ಅನ್ನಲ್ಲ."

"ಅನ್ನಕ್ಕೆ ಏನಿದೆ ಬಿಡು. ಬಂದೂಕು ಸರಿಯಾಗಿದೆ ಅಂತ ವಾರ್ಡನ್ನೇ ಬರ್ದವ್ಳೆ. ತೋಟಾ ನಿಂದು, ಕಣ್ಣು ಮುಚ್ಕೊಂಡು ಹಾಕ್ಬೋದು. ಇನ್ನೇನು ಉಳೀತು? ಗಾರ್ತ್ ಉಳಿದ."

ನಾನು ತಟ್ಟೆಯಲ್ಲಿದ್ದ ಮಾಂಸ-ಆಲೂಗಡ್ಡೆಯ ಹ್ಯಾಶ್ ಮುಗಿಸಿದೆ. ಬಿಲ್ಲು ಕೊಟ್ಟು ಹೊರಗೆ ಬಂದೆ. ಟೋಪಿ ಮರೆತಿದ್ದೆ, ಮರ್ಲ್ ಅದನ್ನು ಹಿಡಿದುಕೊಂಡು ಹಿಂದೆಯೇ ಓಡಿ ಬಂದ. "ಬೇಜಾರ್ ಮಾಡ್ಕೋಬೇಡ ಮಾರಾಯ, ನಿನ್ನ ಅಂದಿದ್ದಲ್ಲ" ಎಂದ.

ಉಂಗುರ ಕಂಡು ಹನ್ನೊಂದನೆಯ ದಿನ, ಗುರುವಾರ. ಬೆಳಿಗ್ಗೆ ಹತ್ತಕ್ಕೆ ಹೋದೆ. ಗಾರ್ತ್‌ನ ಅಂಗಳದಲ್ಲಿ ಕತ್ತೆಗಳ ಬೇಲಿಯ ಬಾಗಿಲು ತೆರೆದಿತ್ತು. ಒಳಗೆ ಒಂದೂ ಇರಲಿಲ್ಲ. ಹೊಸ ಹಿಮದ ಮೇಲೆ ಉದ್ದದ ಲಾರಿಯ ಚಕ್ರದ ಗುರುತು ರಸ್ತೆಯ ತನಕ ಇತ್ತು.

ಆರ್ಡಿಸ್ ಅಡುಗೆಮನೆಯಲ್ಲಿ ದಾಲ್ಚಿನ್ನಿ ರೋಲಿನ ಹಿಟ್ಟು ನಾದುತ್ತಿದ್ದಳು. ಒಲೆಯ ಮೇಲೆ ಚಿಲ್ಲಿ ಎಂಬ ಮಾಂಸದ ಸಾರು ಬೇಯುತ್ತಿತ್ತು. ಗಾರ್ತ್ ಮೇಜಿನ ಹತ್ತಿರ ಸುಮ್ಮನೆ ಕೂತಿದ್ದ.

"ಕತ್ತೆಗಳೆಲ್ಲಿ?" ಎಂದೆ.

"ಐಡಹೋದವನೊಬ್ಬ ಬಂದಿದ್ದ," ಎಂದಳು ಆರ್ಡಿಸ್. "ನಿನ್ನೆ ಒಂಬತ್ತನ್ನೂ ಕೊಂಡು ಲಾರೀಲಿ ಹಾಕ್ಕೊಂಡ್ ಹೋದ. ಸೋಮವಾರ ಶಿಕಾರಿ ಲೈಸೆನ್ಸು ವಾಪಸ್ ಕಳಿಸ್ಬಿಟ್ರು ಇವ್ರು. ಇಲಾಖೆಯವರಾಗಿ ಕೇಳಿರ್ಲಿಲ್ಲ, ಇವರೇ ಕಾಗದ ಬರೆದ್ರು. ನಾ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನೀನಾದ್ರೂ ಬಂದು ಹೇಳ್ಬಾರ್ದಿತ್ತಾ?"

"ಗಾರ್ತ್, ನಿನ್ನ ಬಂದೂಕು ತಗೊಂಡ್ ಬಾ."

"ಅದನ್ನ ನೋಡಕ್ಕೂ ಇಷ್ಟ ಇಲ್ಲ ನಂಗೆ."

"ತಗೊಂಡ್ ಬಾ."

ತಂದ. ಜೇಬಿನಿಂದ ಕೆಂಪು ಗೆರೆಯ ಒಂದು ತೋಟಾ ತೆಗೆದೆ. ಹಿಂದಿನ ದಿನವೇ ಅದರ ಗುಂಡು ಕಿತ್ತು, ಮದ್ದು ಸುರಿದು, ಕೇಪು ಕೂಡ ಕಳಚಿ ಬರಿದು ಮಾಡಿದ್ದೆ. ಅವನ ಕೈಗೆ ಕೊಟ್ಟೆ. ಹಾಕಿದ. ಬೋಲ್ಟು ದೂಡಿದ. ಹಿಡಿಕೆ ಅರ್ಧಕ್ಕೆ ಬಂದು ನಿಂತಿತು.

ಗಾರ್ತ್ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಅಂಗೈಯಿಂದ ಒತ್ತಿದ. ಇಳಿಯಲಿಲ್ಲ. ಎದ್ದು ನಿಂತು ಮೈಭಾರ ಹಾಕಿ ಒತ್ತಿದ. ಬೆರಳಗಂಟು ಬೆಳ್ಳಗಾದವು. ಆರ್ಡಿಸ್ ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ನಿಂತಳು.

"ಇದೇ," ಎಂದ ಗಾರ್ತ್. "ಹಿಂಗೇ ಆಗಿದ್ದು. ಇಲ್ಲಿಗೇ ಬಂದು ನಿಂತಿತ್ತು. ಆರ್ಡಿಸ್, ಇಲ್ಲಿಗೇ!"

"ಉಂಗುರ ತೆಗೀದೆ ಒತ್ತಿದೀನಿ ಗಾರ್ತ್. ಹದಿನಾಲ್ಕನ್ನೂ. ನಿನ್ನ ಕೈ ಸರಿಯಾಗೇ ಇತ್ತು."

ಅವನು ಕೂತ. ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೋಲ್ಟಿನ ಹಿಡಿಕೆಯನ್ನು ಎರಡು ಬೆರಳಲ್ಲಿ ಸವರಿದ. ಅವನ ಭುಜ ಸಡಿಲವಾದದ್ದು ಕಣ್ಣಿಗೆ ಕಂಡಿತು. ಅತ್ತನೋ ಏನೋ, ತಲೆ ಬಗ್ಗಿಸಿದ್ದ. ನನಗೂ ಉಸಿರು ಹಗುರಾಯಿತು. ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ.

ತಲೆ ಎತ್ತದೆಯೇ ಅವನು ಕೇಳಿದ. "ಯಾವಾಗ ಗೊತ್ತಾಯ್ತು?"

ನಿನ್ನೆ ಎಂದಿದ್ದರೆ ನಂಬುತ್ತಿದ್ದ. ನನ್ನ ಮಾತನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಅನುಮಾನಿಸಿರಲಿಲ್ಲ. ನಿನ್ನೆ ಎಂಬ ಮಾತು ಗಂಟಲ ತನಕ ಬಂದಿತ್ತು ಕೂಡ.

"ನೀನು ಡಬ್ಬಿ ಕೊಟ್ಟು ಹೋದ ಮಾರನೇ ದಿನ," ಎಂದೆ.

ಆರ್ಡಿಸ್ ಬೆರಳು ಮಡಿಸಿ ಎಣಿಸಿದಳು. ಚಿಕ್ಕಂದಿನಿಂದ ಅವಳಿಗೆ ಹಾಗೆ ಎಣಿಸುವ ಅಭ್ಯಾಸ. "ಹನ್ನೊಂದು ದಿನ," ಎಂದಳು.

"ಹೂಂ."

"ಹನ್ನೊಂದು ದಿನ ಇವ್ರು ಮಲಗಿಲ್ಲ ಲೋವೆಲ್. ದಿಂಬು ತಬ್ಕೊಂಡು ಕೈಯಲ್ಲಿ ಬೋಲ್ಟು ಎಳೀತಾರೆ, ದೂಡ್ತಾರೆ. ನಂಗೆ ಎಷ್ಟು ಸಲ ಅನ್ನಿಸಿತ್ತು ಗೊತ್ತಾ, ನಿಂಗೆ ಫೋನ್ ಮಾಡೋಣ, ನೀನು ಬಂದು ಜೊತೇಲಿ ಕೂತ್ರೆ ಇವ್ರಿಗೆ ಸಮಾಧಾನ ಆಗುತ್ತೆ ಅಂತ."

"ಹೆದರಿಕೆ ಆಯ್ತು ಕಣೇ."

"ಕರಡಿ ಮುಂದೆ ನಿಂತೋರು ಇವ್ರು. ನಿಂಗೆ ಹೆದರಿಕೆ ಆಯ್ತಾ?"

ಗಾರ್ತ್ ಅವಳನ್ನು ಸುಮ್ಮನಿರಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಉಂಗುರ ಮರೆತಿದ್ದು ಬಿಡು," ಎಂದ. "ಯಾರಿಗಾದ್ರೂ ಆಗುತ್ತೆ. ಎಲ್ಲಾನೂ ಹಾಕಿ ನೋಡು ಅಂತ ನೀನು ಹೇಳಿದ್ದೆ, ನಾನು ನೋಡ್ಲಿಲ್ಲ. ಅದ್ರಲ್ಲಿ ಅರ್ಧ ನಂದು. ಈ ಹನ್ನೊಂದು ದಿನ ಇದ್ಯಲ್ಲ, ಅದು ಪೂರ್ತಿ ನಿಂದು." ಬಂದೂಕನ್ನು ಮೇಜಿನ ಮೇಲಿಟ್ಟ. "ನಾನು ಹಿಂಗೆ ಅಂದೆ ಅಂತ ಬೇಜಾರ್ ಮಾಡ್ಕೋಬೇಡ. ಆದ್ರೆ ಈಗ ಹೋಗು."

ಅಲ್ಲಿಂದ ನೇರ ವಾರ್ಡನ್ ಹತ್ತಿರ ಹೋದೆ. ಉಂಗುರ, ಅಚ್ಚು, ಉಳಿದ ಹನ್ನೆರಡು ತೋಟಾ, ಎಲ್ಲವನ್ನೂ ಅವಳ ಮೇಜಿನ ಮೇಲೆ ಹರವಿದೆ. ಅವಳು ಎರಡು ಸಲ ಹೇಳಿಸಿ ಬರೆದುಕೊಂಡಳು.

"ವಕೀಲರನ್ನ ಕೇಳಿ ಬಂದ್ರಾ?" ಎಂದಳು.

"ಇಲ್ಲಮ್ಮ."

"ಕೇಳ್ಬೇಕಿತ್ತು."

"ಕೇಳಿದ್ರೆ ಬರ್ತಿರ್ಲಿಲ್ಲ."

ಎಲ್ಡನ್‌ನ ಹೆಂಡತಿಗೆ ನಾನೇ ಫೋನ್ ಮಾಡಿದೆ. ಲೋರೀನ್ ಎಂದು ಆಕೆಯ ಹೆಸರು. ನಡುವೆ ಮಾತಾಡದೆ ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ಅವ್ರು ಹೆದರಿ ನಿಂತಿದ್ದಲ್ಲ," ಎಂದಳು.

"ಅಲ್ಲಮ್ಮ. ಕೊನೆಗೆ ಬಂದೂಕಲ್ಲೇ ಬಡಿದಿದಾನೆ."

"ಎಷ್ಟು ವ್ಯತ್ಯಾಸ ಅಂದ್ರಿ?"

"ಇಂಚಿನ ಸಾವಿರದಲ್ಲಿ ಏಳು ಪಾಲು."

"ನಂಗದು ಗೊತ್ತಾಗಲ್ಲ. ಎಷ್ಟಿರುತ್ತೆ?"

"ಎರಡು ತಲೆಗೂದಲು ಒಂದರ ಮೇಲೊಂದು ಇಟ್ಟಷ್ಟು."

ಆ ಕಡೆ ನಾಯಿಯೊಂದು ಬೊಗಳುತ್ತಿದ್ದದ್ದು ಕೇಳಿಸುತ್ತಿತ್ತು.

"ಅಷ್ಟೇನಾ," ಎಂದು ಆಕೆ ಫೋನ್ ಇಟ್ಟಳು. ದಾವೆ ಹೂಡಲಿಲ್ಲ.

ವಾರ್ಡನ್ ವರದಿಗೆ ಅರ್ಧ ಪುಟ ಸೇರಿತು. ತೋಟಾ ಬಂದೂಕಿಗೆ ಹೊಂದದ ಕಾರಣ ಬೋಲ್ಟು ಮುಚ್ಚಲಿಲ್ಲ, ಬಂದೂಕು ಹಿಡಿದವನಿಂದ ಲೋಪವಾಗಿಲ್ಲ ಎಂದು ಅದರಲ್ಲಿ ಇದೆ. ಮರ್ಲ್ ತಾನಾಗಿ ಗಾರ್ತ್‌ನ ಮನೆಗೆ ಹೋಗಿ ಕ್ಷಮೆ ಕೇಳಿದನಂತೆ. ಲೈಸೆನ್ಸಿಗೆ ಮತ್ತೆ ಅರ್ಜಿ ಹಾಕಬಹುದಿತ್ತು. ಆದರೆ ಕತ್ತೆಗಳು ಹೋಗಿದ್ದವು, ಮುಂದಿನ ಎರಡು ವರ್ಷಕ್ಕೆ ಗೊತ್ತಾಗಿದ್ದ ಶಿಕಾರಿಯವರೆಲ್ಲ ಬೇರೆ ಕಡೆ ಹೋಗಿದ್ದರು. ಅವನಿಗೂ ಐವತ್ತೆಂಟಾಗಿತ್ತು. ಈಗ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಾನೆ. ನನ್ನ ಮನೆಯ ಮುಂದಿನ ರಸ್ತೆಯೂ ಅವನ ಪಾಲಿಗೇ ಬರುತ್ತದೆ. ನನ್ನ ಗೇಟಿನ ಮುಂದೆ ಹಿಮ ಗುಡ್ಡೆ ಬೀಳದ ಹಾಗೆ ಗಾಡಿಯ ಅಲಗು ಎತ್ತಿ ಹೋಗುತ್ತಾನೆ. ನಿಲ್ಲಿಸುವುದಿಲ್ಲ.

ಗಾರ್ತ್‌ಗೆ ಅವನ ಹೆಸರು ಮರಳಿ ಸಿಕ್ಕಿತು, ಕಸುಬು ಸಿಗಲಿಲ್ಲ. ನನಗೆ ತಂಗಿಯ ಮನೆ ಹೋಯಿತು. ಎಲ್ಡನ್ ಪ್ರೂಯಿಟ್‌ಗೆ ಅರವತ್ತೊಂದು ವರ್ಷವಾಗಿತ್ತು.